ಗಾಳಿ ಬಿದ್ದ ಮೇಲೆ ದಡ ಸೇರುವುದು ಹೇಗೆ? ಸಣ್ಣ ಹಾಯಿದೋಣಿಗೆ ಹುಟ್ಟು ಸಾಕೋ, ಎಂಜಿನ್ ಬೇಕೋ

ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಗಾಳಿಗೆ ಒಂದು ದಿನಚರಿ ಇರುತ್ತದೆ. ಬೆಳಗಿನ ಜಾವ ನೆಲದಿಂದ ಕಡಲಿನ ಕಡೆಗೆ ತೆಳ್ಳಗೆ ಬೀಸುತ್ತದೆ. ಬಿಸಿಲೇರಿದಂತೆ ನಿಲ್ಲುತ್ತದೆ. ಮಧ್ಯಾಹ್ನದ ಸುಮಾರಿಗೆ ಕಡಲಗಾಳಿ ಎದ್ದು, ಮೂರು ನಾಲ್ಕು ಗಂಟೆಗೆ ಜೋರಾಗಿ, ಹೊತ್ತು ಮುಳುಗುವಾಗ ಬಿದ್ದುಹೋಗುತ್ತದೆ. ಹಾಯಿದೋಣಿಯವರಿಗೆ ಕಷ್ಟ ಕೊಡುವುದು ಈ ಕೊನೆಯ ಹೊತ್ತೇ. ನೀವು ಅಳಿವೆಯ ಬಾಯಲ್ಲಿದ್ದೀರಿ. ಇಳಿತ ಶುರುವಾಗಿ ನದಿನೀರು ಹೊರಗೆ ಎಳೆಯುತ್ತಿದೆ. ಹಾಯಿ ಜೋತುಬಿದ್ದಿದೆ. ದಡ ಕಣ್ಣೆದುರಿಗೇ ಇದ್ದರೂ ತಲುಪಲು ಬೇರೆ ಏನೋ ಬೇಕು.

ಅದು ಹುಟ್ಟೋ, ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನೋ ಅಂತ ನಿರ್ಧರಿಸುವುದಕ್ಕೆ ಈ ಬರಹ. 12ರಿಂದ 18 ಅಡಿ ಉದ್ದದ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳು ಕೋಡಿ ಬೇಂಗ್ರೆ, ಹಂಗಾರಕಟ್ಟೆ ಕಡೆಯವು. ಸುವರ್ಣಾ, ಸೀತಾ ನದಿಗಳೆರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು. ಗಂಗೊಳ್ಳಿ, ಹೊನ್ನಾವರ, ಕಾರವಾರದ ಅಳಿವೆಗಳಲ್ಲಿ ದೋಣಿ ಬಿಡುವವರಿಗೂ ಲೆಕ್ಕ ಇದೇ, ಅಂಕಿ ಮಾತ್ರ ಬದಲಾಗುತ್ತದೆ.

ಹೆಚ್ಚಿನವರು ಅಂಗಡಿಗೆ ಹೋಗಿ "ಎಷ್ಟು ಎಚ್‌ಪಿ ತಗೊಳ್ಳಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ನೋಡಬೇಕಾದದ್ದು ನೀರನ್ನು.

ಹಂತ 1: ಅತಿ ಕಷ್ಟದ ಒಂದು ಕಿಲೋಮೀಟರ್ ಗುರುತಿಸಿ

ನೀವು ಸಾಮಾನ್ಯವಾಗಿ ಹೋಗುವ ದಾರಿಯನ್ನು ಫೋನಿನ ನಕ್ಷೆಯಲ್ಲಿ ತೆರೆಯಿರಿ. ವಾಪಸು ಬರುವಾಗ ಗಾಳಿ ಪೂರ್ತಿ ನಿಂತಿದೆ, ನೀರು ಎದುರಿಗೆ ಹರಿಯುತ್ತಿದೆ ಅಂದುಕೊಳ್ಳಿ. ಯಾವ ಒಂದು ಕಿಲೋಮೀಟರ್ ದಾಟುವುದು ಎಲ್ಲಕ್ಕಿಂತ ಕಷ್ಟ? ಸಾಮಾನ್ಯವಾಗಿ ಅದು ಅಳಿವೆಯ ಬಾಯಿ ಇರುತ್ತದೆ, ಇಲ್ಲವೇ ಸೇತುವೆಯ ಕಂಬಗಳ ನಡುವೆ ನದಿ ಕಿರಿದಾಗುವ ಜಾಗ. ಅಗಲವಾದ ಹಿನ್ನೀರಿನಲ್ಲಿ ಮೆಲ್ಲಗೆ ಹರಿಯುವ ನೀರೇ ಕಿರಿದಾದ ಬಾಯಲ್ಲಿ ರಭಸವಾಗಿ ನುಗ್ಗುತ್ತದೆ.

ಆ ಒಂದು ಕಿಲೋಮೀಟರ್ ದಾಟಲು ಹುಟ್ಟು ಸಾಕಾದರೆ ಉಳಿದ ದಾರಿಗೂ ಸಾಕು. ಅಂಥ ಜಾಗವೇ ನಿಮ್ಮ ದಾರಿಯಲ್ಲಿ ಇಲ್ಲದಿದ್ದರೆ, ಅಂದರೆ ಕೆರೆಯಲ್ಲೋ ಅಣೆಕಟ್ಟಿನ ಹಿನ್ನೀರಿನಲ್ಲೋ ಮಾತ್ರ ದೋಣಿ ಬಿಡುವವರಾದರೆ, ಎದುರು ಹರಿವಿನ ಚಿಂತೆ ಇಲ್ಲ. ಅಲ್ಲಿ ದೂರ ಮತ್ತು ಎದುರುಗಾಳಿ, ಎರಡೇ ಲೆಕ್ಕ. ಅವರು ಎರಡನೇ ಹಂತ ಬಿಟ್ಟು ಮುಂದೆ ಹೋಗಬಹುದು.

ಹಂತ 2: ನೀರಿನ ವೇಗ ಅಳೆಯಿರಿ

ಇದಕ್ಕೆ ಯಾವ ಸಲಕರಣೆಯೂ ಬೇಡ. ಸಿಪ್ಪೆ ಸಮೇತ ಇರುವ ಒಂದು ತೆಂಗಿನಕಾಯಿ ಸಾಕು. ಅದರ ಬಹುಪಾಲು ನೀರಿನೊಳಗೇ ಮುಳುಗಿರುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. ನೀರು ಹೋದಂತೆ ಅದೂ ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿ ಈ ಕೆಲಸಕ್ಕೆ ಆಗದು. ಅದು ಗಾಳಿಯ ಜೊತೆ ಓಡುತ್ತದೆ.

ಜೆಟ್ಟಿಯ ಅಂಚಿನಲ್ಲಿ 10 ಮೀಟರ್ ಅಳೆದು ಎರಡು ಗುರುತು ಹಾಕಿ. ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆ ಕಾಯಿ ಎಸೆಯಿರಿ. ಮೊದಲ ಗುರುತು ದಾಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 20 ಸೆಕೆಂಡ್ ಹಿಡಿದರೆ ನೀರಿನ ವೇಗ ಸುಮಾರು 1 ನಾಟ್. 10 ಸೆಕೆಂಡ್ ಆದರೆ 2 ನಾಟ್. 6–7 ಸೆಕೆಂಡಿಗೇ ದಾಟಿತು ಅಂದರೆ 3 ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್.

ಯಾವಾಗ ಅಳೆಯುತ್ತೀರಿ ಅನ್ನುವುದು ಮುಖ್ಯ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಆ ಆರು ಗಂಟೆಯಲ್ಲಿ ಮೊದಲ ಗಂಟೆಗೆ ನೀರು ಇಳಿಯಬೇಕಾದದ್ದರ ಹನ್ನೆರಡರಲ್ಲಿ ಒಂದು ಭಾಗ ಇಳಿಯುತ್ತದೆ, ಎರಡನೆಯ ಗಂಟೆಗೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಒಂದು. ಇದು ಒರಟು ಲೆಕ್ಕ, ಆದರೂ ಕೆಲಸಕ್ಕೆ ಬರುತ್ತದೆ. ನಡುವಿನ ಎರಡು ಗಂಟೆ ಹರಿವು ಎಲ್ಲಕ್ಕಿಂತ ಜೋರು. ಆಗಲೇ ಅಳೆಯಿರಿ. ಅದೂ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ. ಅಷ್ಟಮಿಯ ದಿನದ ಅಂಕಿ ನೋಡಿ ಹುಟ್ಟು ಸಾಕು ಅಂತ ನಿರ್ಧರಿಸಿದರೆ ಹುಣ್ಣಿಮೆಯ ದಿನ ಕೈ ಸೋಲುತ್ತದೆ.

ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ನಡುನೀರಿನಲ್ಲಿ ಲಂಗರು ಹಾಕಿ ದೋಣಿಯ ಪಕ್ಕದಲ್ಲಿ ಕಾಯಿ ಬಿಟ್ಟು ನೋಡಿ. ಆಮೇಲೆ ದಡದ ಹತ್ತಿರ ಆಳ ಕಡಿಮೆ ಇರುವಲ್ಲಿ, ನದಿ ತಿರುವಿನ ಒಳಮಗ್ಗುಲಲ್ಲಿ ನೋಡಿ. ನಡುವೆ 2 ನಾಟ್ ಇರುವ ಜಾಗದಲ್ಲಿ ಅಂಚಿಗೆ ಅದರ ಅರ್ಧ ಇರುವುದು ಸಾಮಾನ್ಯ. ಈ ವ್ಯತ್ಯಾಸ ಗೊತ್ತಿರುವವನಿಗೆ ಹುಟ್ಟಿನಿಂದ ಆಗುವ ಕೆಲಸ ಜಾಸ್ತಿ. ಮುಂದೆ ಲೆಕ್ಕದಲ್ಲಿ ನೋಡೋಣ.

ಹಂತ 3: ನಿಮ್ಮ ತೋಳಿನ ವೇಗ ಎಷ್ಟು?

ಯಾರದ್ದಾದರೂ ಹುಟ್ಟು ಎರವಲು ತನ್ನಿ. ನೀರು ನಿಂತ ಹೊತ್ತಿನಲ್ಲಿ, ಗಾಳಿ ಇಲ್ಲದಾಗ, ಯಾವಾಗಲೂ ಎಷ್ಟು ಜನ, ಎಷ್ಟು ಸಾಮಾನು ಇರುತ್ತದೋ ಅಷ್ಟನ್ನೂ ಹೇರಿಕೊಂಡು 20 ನಿಮಿಷ ಹುಟ್ಟು ಹಾಕಿ. ಫೋನಿನ ಜಿಪಿಎಸ್‌ನಲ್ಲಿ ಸರಾಸರಿ ವೇಗ ನೋಡಿ. ಮೊದಲ ಎರಡು ನಿಮಿಷದ ಉತ್ಸಾಹದ ವೇಗ ಬೇಡ. ಬೆವರಿಳಿದ ಮೇಲೂ ಉಳಿಯುವ ವೇಗವೇ ನಿಮ್ಮ ವೇಗ.

ಅಭ್ಯಾಸ ಇಲ್ಲದ ಆರೋಗ್ಯವಂತನೊಬ್ಬ ತುಂಬಾ ಹೊತ್ತು ಕೊಡಬಲ್ಲ ಶಕ್ತಿ ಸುಮಾರು 75ರಿಂದ 100 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದರೆ ನಿಮ್ಮ ತೋಳು ಹೆಚ್ಚು ಕಡಿಮೆ ಎಚ್‌ಪಿಯ ಎಂಟರಲ್ಲೊಂದು ಭಾಗ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೂ ಇಬ್ಬರು ಕೂತ, ಒಟ್ಟು 350 ಕೆಜಿ ತೂಗುವ 15 ಅಡಿಯ ದೋಣಿಯನ್ನು ಅದು 2 ನಾಟ್‌ಗಿಂತ ತುಸು ಮೇಲೆಯೇ ಓಡಿಸುತ್ತದೆ. ನಿಧಾನವಾಗಿ ಹೋಗುವ ದೋಣಿಗೆ ನೀರಿನ ತಡೆ ತುಂಬಾ ಕಡಿಮೆ. ವೇಗ ಹೆಚ್ಚಿಸಲು ಹೋದಾಗ ಬೇಕಾಗುವ ಶಕ್ತಿ ಸರ್ರನೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು.

ಹಾಯಿದೋಣಿಗೆ ಇನ್ನೊಂದು ತೊಡಕಿದೆ. ಹಾಯಿ ಇಳಿಸಿದ ಮೇಲೂ ಕೂವೆಮರ (ಹಾಯಿ ಕಟ್ಟುವ ಕಂಬ), ಅದರ ಹಗ್ಗ, ತಂತಿ ಎಲ್ಲ ಗಾಳಿಗೆ ಅಡ್ಡ ನಿಲ್ಲುತ್ತವೆ. 10 ನಾಟ್ ಎದುರುಗಾಳಿ ಇದ್ದರೆ ಹುಟ್ಟಿನ ವೇಗ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಆದರೆ ಅಷ್ಟು ಗಾಳಿ ಇದ್ದರೆ ಹಾಯಿಯಲ್ಲೇ ಬರಬಹುದು. ಹುಟ್ಟು ಬೇಕಾಗುವುದು ಹೆಚ್ಚಾಗಿ ಗಾಳಿ ಸತ್ತಾಗ.

ಹಂತ 4: ಕೂಡಿ ಕಳೆದು ನೋಡಿ

ಮೇಲಿನ 15 ಅಡಿಯ ದೋಣಿಯನ್ನೇ ತಗೊಳ್ಳೋಣ. ಹುಟ್ಟಿನ ವೇಗ 2.2 ನಾಟ್ ಇರಲಿ. 2.5 ಎಚ್‌ಪಿ ಎಂಜಿನ್ ಹಾಕಿದರೆ 4.5 ನಾಟ್ ಇರಲಿ. ಅಳಿವೆಯಲ್ಲಿ ಇಳಿತದ ಹರಿವು 2 ನಾಟ್. ದಾಟಬೇಕಾದದ್ದು ಒಂದು ಕಿಲೋಮೀಟರ್.

ನಡುನೀರಿನಲ್ಲಿ ಹುಟ್ಟು ಹಾಕಿದರೆ ಮುಂದೆ ಸಾಗುವ ವೇಗ ಬರೀ 0.2 ನಾಟ್. ಒಂದು ಕಿಲೋಮೀಟರಿಗೆ 2 ಗಂಟೆ 40 ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಯಾರಿಂದಲೂ ಒಂದೇ ಸಮ ಎಳೆಯಲು ಆಗದು. ಅಂದರೆ ಆಗಲ್ಲ ಅಂತಲೇ ಲೆಕ್ಕ.

ಅದೇ ಹುಟ್ಟು, ಆದರೆ ದಡದ ಅಂಚಿನಲ್ಲಿ ಹರಿವು 1 ನಾಟ್ ಇರುವಲ್ಲಿ ಹೋದರೆ 27 ನಿಮಿಷ. ಕೈ ನೋಯುತ್ತದೆ, ಆದರೆ ಮನೆ ಸೇರುತ್ತೀರಿ.

ಎಂಜಿನ್ ಇದ್ದರೆ ನಡುನೀರಿನಲ್ಲೇ 13 ನಿಮಿಷ.

ಇನ್ನೊಂದು ದಾರಿಯೂ ಇದೆ. ಅಳಿವೆಗೆ ಬರುವ ಮೊದಲೇ ಸುರಕ್ಷಿತ ಜಾಗದಲ್ಲಿ ಲಂಗರು ಹಾಕಿ, ಇಳಿತ ಮುಗಿಯುವ ತನಕ ಕಾದು, ನೀರು ನಿಂತ ಮೇಲೆ ಹುಟ್ಟು ಹಾಕಿದರೆ 15 ನಿಮಿಷ. ಉಬ್ಬರ ಏರತೊಡಗಿದ ಮೇಲೆ ಹೊರಟರೆ ನೀರೇ ಒಳಗೆ ತಳ್ಳುತ್ತದೆ. ಹಾಗಾಗಿ ಹುಟ್ಟೋ ಎಂಜಿನ್ನೋ ಎನ್ನುವ ಚರ್ಚೆಯಲ್ಲಿ ಮೂರನೆಯದಾಗಿ ಲಂಗರೂ ಇರಬೇಕು ಅನ್ನುತ್ತೇನೆ. ಸರಿಯಾದ ಲಂಗರು, ಸಾಕಷ್ಟು ಉದ್ದದ ಹಗ್ಗ ಇಲ್ಲದ ದೋಣಿಗೆ ಮೊದಲ ಖರ್ಚು ಅದಕ್ಕೇ ಆಗಲಿ. ಹಗ್ಗ ನೀರಿನ ಆಳದ ಐದು ಪಟ್ಟಾದರೂ ಇರಬೇಕು, ಲಂಗರಿನ ಬಳಿ ಒಂದೆರಡು ಮೀಟರ್ ಸರಪಳಿ ಇದ್ದರೆ ಹಿಡಿತ ಗಟ್ಟಿ.

ನಿಮ್ಮ ಅಂಕಿ ಹಾಕಿ ಇದೇ ರೀತಿ ನೋಡಿ. ಅಂಚಿನ ದಾರಿ ಹಿಡಿದಾಗ ಹುಟ್ಟಿನ ವೇಗದಿಂದ ಹರಿವನ್ನು ಕಳೆದು 1 ನಾಟ್ ಅಥವಾ ಹೆಚ್ಚು ಉಳಿದರೆ ಹುಟ್ಟು ಸಾಕು. ಅದಕ್ಕಿಂತ ಕಡಿಮೆ ಉಳಿದು, ಕಾಯಲು ಸಮಯವೂ ಇಲ್ಲದಿದ್ದರೆ ಎಂಜಿನ್ ಬೇಕು. ದಿನಾ ಕಚೇರಿ ಮುಗಿಸಿ ಸಂಜೆ ಎರಡು ಗಂಟೆ ದೋಣಿ ಬಿಡುವವರು ಉಬ್ಬರಕ್ಕಾಗಿ ರಾತ್ರಿ ಹತ್ತರವರೆಗೆ ಕಾಯಲು ಆಗುವುದಿಲ್ಲ. ಜೊತೆಯಲ್ಲಿ ಸಣ್ಣ ಮಕ್ಕಳಿದ್ದರೂ ಅಷ್ಟೇ.

ದೋಣಿಯ ತೂಕಕ್ಕೂ ಒಂದು ಮಿತಿ ಹೇಳುತ್ತೇನೆ. ಜನ, ಸಾಮಾನು ಸೇರಿ 400 ಕೆಜಿ ಒಳಗಿದ್ದರೆ ಹುಟ್ಟನ್ನು ಮುಖ್ಯ ಸಾಧನ ಮಾಡಿಕೊಳ್ಳಲು ಧೈರ್ಯ ಮಾಡಬಹುದು. 600 ಕೆಜಿ ದಾಟಿದ ಮೇಲೆ ಒಬ್ಬನ ತೋಳಿಗೆ ಅದು ಭಾರ. ನಡುವಿನ ದೋಣಿಗಳಿಗೆ ಹುಟ್ಟು ಹಾಕುವವರು ಇಬ್ಬರಿದ್ದಾರೋ ಒಬ್ಬರೋ ನೋಡಿ. ಇದು ನನ್ನ ಅಂದಾಜು, ನಿಮ್ಮ ತೋಳು ಬೇರೆ ಹೇಳಿದರೆ ಅದನ್ನೇ ನಂಬಿ.

ಹಂತ 5: ಹುಟ್ಟು ಆರಿಸಿದರೆ, ಸರಿಯಾಗಿ ಕೂರಿಸಿ

"ಹುಟ್ಟು ಹಾಕಿ ನೋಡಿದೆ, ಆಗಲಿಲ್ಲ" ಅನ್ನುವವರ ದೋಣಿ ಹತ್ತಿ ನೋಡಿದರೆ ಹೆಚ್ಚಾಗಿ ಅಲ್ಲಿರುವುದು ತೀರಾ ಗಿಡ್ಡ ಹುಟ್ಟು. ರಬ್ಬರ್ ದೋಣಿಯ ಜೊತೆ ಬಂದ ಐದು ಅಡಿಯ ಅಲ್ಯೂಮಿನಿಯಂ ಹುಟ್ಟಿನಿಂದ 15 ಅಡಿಯ ದೋಣಿ ಓಡುವುದಿಲ್ಲ.

ಉದ್ದಕ್ಕೆ ಒಂದು ಹಳೆಯ ಲೆಕ್ಕ ಇದೆ. ಹುಟ್ಟು ಕೂರುವ ಲೋಹದ ಕವೆಗೆ ರೋಲಾಕ್ ಅನ್ನುತ್ತಾರೆ. ಎಡ ಬಲ ರೋಲಾಕ್‌ಗಳ ನಡುವಿನ ಅಗಲ ಅಳೆಯಿರಿ. ಅದರ ಅರ್ಧ ಮಾಡಿ, 5 ಸೆಂಟಿಮೀಟರ್ ಸೇರಿಸಿ. ಇದು ಹುಟ್ಟಿನಲ್ಲಿ ದೋಣಿಯೊಳಗೆ ಇರಬೇಕಾದ ಭಾಗ. ಇದನ್ನು 25ರಿಂದ ಗುಣಿಸಿ 7ರಿಂದ ಭಾಗಿಸಿದರೆ ಹುಟ್ಟಿನ ಪೂರ್ತಿ ಉದ್ದ ಸಿಗುತ್ತದೆ. ಅಗಲ 122 ಸೆಂಟಿಮೀಟರ್ ಇದ್ದರೆ ಅರ್ಧ 61, ಐದು ಸೇರಿಸಿದರೆ 66. ಗುಣಿಸಿ ಭಾಗಿಸಿದರೆ ಸುಮಾರು 236 ಸೆಂಟಿಮೀಟರ್. ಅಂದರೆ 8 ಅಡಿಯ ಹುಟ್ಟು. ದೋಣಿಯ ಅಂಚು ನೀರಿನಿಂದ ತುಂಬಾ ಎತ್ತರ ಇದ್ದರೆ ಇನ್ನೂ ಅರ್ಧ ಅಡಿ ಸೇರಿಸಿ.

ಇಷ್ಟುದ್ದದ ಹುಟ್ಟು ದೋಣಿಯೊಳಗೆ ಮಲಗುತ್ತದೆಯೇ ಅಂತ ಕೊಳ್ಳುವ ಮೊದಲೇ ಟೇಪ್ ಹಿಡಿದು ನೋಡಿ. ಹಾಯಿಯ ಹಗ್ಗಗಳಿಗೆ ಸಿಕ್ಕಿಕೊಳ್ಳದ ಹಾಗೆ, ಕಾಲಡಿಗೆ ಬಾರದ ಹಾಗೆ ಅದಕ್ಕೊಂದು ಜಾಗ ಇರಲೇಬೇಕು. ಇಲ್ಲದಿದ್ದರೆ ಎರಡನೇ ವಾರದಿಂದ ಹುಟ್ಟನ್ನು ಮನೆಯಲ್ಲೇ ಬಿಟ್ಟು ಬರುತ್ತೀರಿ.

ಮರ ಹಗುರವಾಗಿರಲಿ, ಎಳೆ ನೇರವಾಗಿರಲಿ, ಗಂಟು ಇರಬಾರದು. ನಮ್ಮ ನಾಡದೋಣಿಯವರಿಗೆ ಹುಟ್ಟು ಮಾಡಿಕೊಡುವ ಬಡಗಿಗಳು ಊರಲ್ಲಿದ್ದರೆ ಅವರಿಂದಲೇ ಮಾಡಿಸುವುದು ಒಳ್ಳೆಯದು. ಅಳತೆ ಮಾತ್ರ ನೀವು ಬರೆದು ಕೊಡಿ. ಎಲೆ, ಅಂದರೆ ನೀರಿಗೆ ಬೀಳುವ ಚಪ್ಪಟೆ ಭಾಗ, ಅಗಲಕ್ಕಿಂತ ಉದ್ದವಾಗಿ ಕಿರಿದಾಗಿ ಇರಲಿ. ಗಾಳಿ, ಅಲೆ ಇದ್ದಾಗ ಅಗಲದ ಎಲೆ ಕೈ ತಿರುಚುತ್ತದೆ. ರೋಲಾಕ್‌ಗೆ ತಾಗುವ ಜಾಗದಲ್ಲಿ ತೊಗಲು ಸುತ್ತಿ ಹೊಲಿಸಿ. ಅಲ್ಲೇ ಮರ ಸವೆಯುವುದು.

ಕೂರುವ ಜಾಗವೇ ಅರ್ಧ ಕೆಲಸ. ಅನೇಕ ಹಾಯಿದೋಣಿಗಳಲ್ಲಿ ಎರಡು ಪಕ್ಕ ಉದ್ದಕ್ಕೆ ಬೆಂಚು ಇರುತ್ತದೆ, ಅಡ್ಡ ಹಲಗೆ ಇರುವುದಿಲ್ಲ. ತೆಗೆದಿಡಬಹುದಾದ ಒಂದು ಅಡ್ಡ ಹಲಗೆ ಮಾಡಿಸಿ. ಹುಟ್ಟು ಹಾಕುವವನು ದೋಣಿಯ ಹಿಂಬದಿಗೆ ಮುಖ ಮಾಡಿ ಕೂರುತ್ತಾನೆ, ಅಲ್ವಾ? ಅವನು ಕೂತ ಹಲಗೆಯ ಹಿಂಬದಿ ಕಡೆಯ ಅಂಚಿನಿಂದ ಸುಮಾರು 30 ಸೆಂಟಿಮೀಟರ್ ಆಚೆಗೆ ರೋಲಾಕ್ ಬರಬೇಕು. ಹಲಗೆಗಿಂತ 18ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ರೋಲಾಕ್ ತಗ್ಗಿದ್ದರೆ ಹುಟ್ಟಿನ ಹಿಡಿ ತೊಡೆಗೆ ಬಡಿಯುತ್ತದೆ, ಎತ್ತರವಿದ್ದರೆ ಭುಜ ಸೋಲುತ್ತದೆ. ಕಾಲಿಗೆ ಒದೆಯಲು ಒಂದು ಅಡ್ಡಪಟ್ಟಿಯೂ ಬೇಕು. ಎಳೆತದ ಬಲ ಬರುವುದು ಕಾಲು ಮತ್ತು ಬೆನ್ನಿನಿಂದ. ಕಾಲಿಗೆ ಆಸರೆ ಇಲ್ಲದವನು ಬರೀ ಕೈಯಿಂದ ಎಳೆದು ಹತ್ತು ನಿಮಿಷಕ್ಕೆ ಸುಸ್ತಾಗುತ್ತಾನೆ.

ಹುಟ್ಟು ಹಾಕುವಾಗ ಹಾಯಿಯ ಅಡ್ಡಮರ ತಲೆಗೆ ತಾಗದ ಹಾಗೆ ಎತ್ತಿ ಕಟ್ಟಿ ಅಥವಾ ಬಿಚ್ಚಿ ಮಲಗಿಸಿ. ನಡುವಿನ ಸೆಂಟರ್‌ಬೋರ್ಡ್, ಅಂದರೆ ತಳದಿಂದ ನೀರಿಗೆ ಇಳಿಸುವ ಹಲಗೆ, ಅರ್ಧ ಇಳಿಸಿದರೆ ದೋಣಿ ನೆಟ್ಟಗೆ ಹೋಗುತ್ತದೆ. ಚುಕ್ಕಾಣಿ ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ ಅದನ್ನು ನಡುವಿಗೆ ಕಟ್ಟಿಬಿಡಿ.

ಒಂದೇ ಹುಟ್ಟನ್ನು ಹಿಂಬದಿಯ ಹಲಗೆಯ ಕಚ್ಚಿನಲ್ಲಿಟ್ಟು ಎಡಕ್ಕೂ ಬಲಕ್ಕೂ ತಿರುಚುತ್ತಾ ದೋಣಿ ಮುಂದೆ ತಳ್ಳುವ ವಿದ್ಯೆಯನ್ನೂ ಕಲಿಯಿರಿ. ವೇಗ ಕಡಿಮೆ, ಆದರೆ ಎರಡು ದೋಣಿಗಳ ನಡುವಿನ ಇಕ್ಕಟ್ಟಿನಲ್ಲಿ, ಎರಡು ಹುಟ್ಟು ಚಾಚಲು ಜಾಗ ಇಲ್ಲದ ಕಡೆ, ಇದರಷ್ಟು ಉಪಕಾರಿ ಬೇರೆ ಇಲ್ಲ. ಆಳ ಕಡಿಮೆ ಇರುವ ಹಿನ್ನೀರಿಗೆ ಉದ್ದನೆಯ ಬಿದಿರಿನ ಗಳವೂ ಜೊತೆಗಿರಲಿ. ಕೆಸರಿಗೆ ಊರಿ ತಳ್ಳಿದರೆ ಹುಟ್ಟಿಗಿಂತ ಬೇಗ ಸಾಗುತ್ತದೆ.

ಹಂತ 6: ಎಂಜಿನ್ ಆರಿಸಿದರೆ

ಎಚ್‌ಪಿ ಪ್ರಶ್ನೆಗೆ ಈಗ ಉತ್ತರ. ಹಾಯಿದೋಣಿಯ ಒಡಲು ನೀರನ್ನು ಸೀಳಿ ಹೋಗುವಂಥದ್ದು, ಮೇಲೆ ಜಾರುವಂಥದ್ದಲ್ಲ. ಅದಕ್ಕೆ ದಾಟಲಾಗದ ಒಂದು ವೇಗದ ಮಿತಿ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ನಲ್ಲಿ ಸಿಗುತ್ತದೆ. ನೀರಿಗೆ ತಾಗುವ ಉದ್ದ 14 ಅಡಿ ಇದ್ದರೆ ಸುಮಾರು 5 ನಾಟ್. ಅದರ ಮೇಲೆ ಎಷ್ಟು ಎಚ್‌ಪಿ ಹಾಕಿದರೂ ಹಿಂಬದಿ ನೀರಲ್ಲಿ ಕುಸಿದು ದೊಡ್ಡ ಅಲೆ ಏಳುತ್ತದೆಯೇ ಹೊರತು ವೇಗ ಬರುವುದಿಲ್ಲ. ಆದ್ದರಿಂದ 16 ಅಡಿವರೆಗಿನ ದೋಣಿಗೆ 2ರಿಂದ 2.5 ಎಚ್‌ಪಿ, 18 ಅಡಿಯ ಭಾರದ ದೋಣಿಗೆ 4 ಎಚ್‌ಪಿ ಸಾಕು.

ನಾಡದೋಣಿಗೆ ಹಾಕುವ ಸೀಮೆಎಣ್ಣೆ ಎಂಜಿನ್ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಹಾಕಿಬಿಡೋಣ ಅಂತ ಕೇಳುವವರಿದ್ದಾರೆ. ಬಲೆ ಹೇರಿಕೊಂಡು ಅಲೆ ಸೀಳುವ ಉದ್ದದ ದೋಣಿಗೆ ಅದು ಸರಿ. 15 ಅಡಿಯ ಹಾಯಿದೋಣಿಗೆ ಅದರ ತೂಕವೇ ಶಿಕ್ಷೆ. ಸಣ್ಣ 2.5 ಎಚ್‌ಪಿಯ ನಾಲ್ಕು ಸ್ಟ್ರೋಕ್ ಎಂಜಿನ್ 13ರಿಂದ 18 ಕೆಜಿ ಇರುತ್ತದೆ. ಅದೂ ದೋಣಿಯ ತುತ್ತತುದಿಯಲ್ಲಿ, ಚುಕ್ಕಾಣಿ ಹಿಡಿದವನ ಭಾರದ ಜೊತೆಗೆ ಕೂರುತ್ತದೆ. ಅಷ್ಟಕ್ಕೇ ಹಗುರ ದೋಣಿಯ ಹಿಂಬದಿ ತಗ್ಗಿ ಹಾಯಿಯ ವೇಗ ಕುಂದುತ್ತದೆ. ಲಂಗರು, ನೀರಿನ ಕ್ಯಾನ್, ಇನ್ನೊಬ್ಬರು ಎಲ್ಲ ಮುಂದಕ್ಕೆ ಹೋಗಲಿ.

ಎಚ್‌ಪಿಗಿಂತ ಮುಖ್ಯವಾದ ಅಳತೆ ಶಾಫ್ಟಿನ, ಅಂದರೆ ಎಂಜಿನ್ನಿನಿಂದ ನೀರಿಗಿಳಿಯುವ ಕಾಲಿನ ಉದ್ದ. ಇಲ್ಲಿ ತಪ್ಪಿದರೆ ಎಂಜಿನ್ ಇದ್ದೂ ಇಲ್ಲದ ಹಾಗೆ. ಹಿಂಬದಿಯ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನೇರ ಅಳೆಯಿರಿ. 38 ಸೆಂಟಿಮೀಟರ್ ಆಸುಪಾಸು ಇದ್ದರೆ ಶಾರ್ಟ್ ಶಾಫ್ಟ್, 51ರ ಆಸುಪಾಸು ಇದ್ದರೆ ಲಾಂಗ್ ಶಾಫ್ಟ್. ಪ್ರೊಪೆಲ್ಲರ್ ಮೇಲೆ ಒಂದು ಅಡ್ಡ ತಟ್ಟೆ ಇರುತ್ತದೆ. ಎಂಜಿನ್ ಕೂರಿಸಿದಾಗ ಆ ತಟ್ಟೆ ದೋಣಿಯ ತಳಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿರಬೇಕು. ನಡುವಿನ ಅಳತೆ ಬಂದರೆ ಹಾಯಿದೋಣಿಗೆ ಉದ್ದದ್ದನ್ನೇ ಆರಿಸಿ. ಅಲೆ ಮೇಲೆ ದೋಣಿಯ ಮೂತಿ ಕೆಳಗೆ ಹೋದಾಗ ಹಿಂಬದಿ ಎದ್ದು ಪ್ರೊಪೆಲ್ಲರ್ ಗಾಳಿಗೆ ಬರುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಅಳಿವೆಯ ಮರಳದಿಣ್ಣೆಯ ಮೇಲೆ ಇದು ಆಗುವುದು ತೀರಾ ಅಪಾಯ. ಇಳಿತದ ನೀರು ಹೊರಗೆ ಹೋಗುತ್ತಾ, ಕಡಲಿನ ಅಲೆ ಒಳಗೆ ಬರುತ್ತಾ, ಎರಡೂ ಡಿಕ್ಕಿಯಾಗುವಲ್ಲಿ ಅಲೆ ಗೋಡೆಯಂತೆ ಕಡಿದಾಗುತ್ತದೆ. ಅಂಥ ಹೊತ್ತಿನಲ್ಲಿ ಎಂಜಿನ್ ಇದೆ ಅನ್ನುವ ಧೈರ್ಯಕ್ಕೆ ನುಗ್ಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕವಂತೂ ಸಣ್ಣ ಹಾಯಿದೋಣಿಗೆ ಅಳಿವೆಯ ಕಡೆ ಕೆಲಸವೇ ಇಲ್ಲ.

ಚುಕ್ಕಾಣಿ ನಡುವಿನಲ್ಲಿ ಇರುವುದರಿಂದ ಎಂಜಿನ್ ಪಕ್ಕಕ್ಕೆ ಬರುತ್ತದೆ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ, ಎಂಜಿನ್ನನ್ನೂ ತಿರುಗಿಸಿ, ಪ್ರೊಪೆಲ್ಲರ್ ಎಲ್ಲೂ ತಾಗುವುದಿಲ್ಲ ಅಂತ ದಡದಲ್ಲೇ ಖಾತ್ರಿ ಮಾಡಿಕೊಳ್ಳಿ. ಹಾಯಿಯಲ್ಲಿ ಹೋಗುವಾಗ ಎಂಜಿನ್ ಮೇಲಕ್ಕೆ ಎತ್ತಿ ನಿಲ್ಲಬೇಕು, ಎಳೆದುಕೊಂಡು ಹೋದರೆ ವೇಗ ಹಾಳು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ರಿವರ್ಸ್ ಗೇರ್ ಇರುವುದಿಲ್ಲ. ಇಡೀ ಎಂಜಿನ್ನನ್ನೇ ಸುತ್ತ ತಿರುಗಿಸಿ ಹಿಂದಕ್ಕೆ ಬರಬೇಕು. ಜೆಟ್ಟಿಗೆ ಹಚ್ಚುವ ಮೊದಲು ಬಯಲು ನೀರಿನಲ್ಲಿ ಅಭ್ಯಾಸ ಮಾಡಿ. ಎಂಜಿನ್ನಿಗೆ ಒಂದು ಗಟ್ಟಿ ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ. ತಿರುಪು ಸಡಿಲವಾಗಿ ನೀರಿಗೆ ಬಿದ್ದ ಎಂಜಿನ್‌ಗಳು ಎಲ್ಲ ಊರಲ್ಲೂ ಇವೆ. ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ಹಗ್ಗ ಯಾವಾಗಲೂ ನಿಮ್ಮ ಮಣಿಕಟ್ಟಿಗೆ ಅಥವಾ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿರಲಿ.

ಇಂಧನದ ಲೆಕ್ಕ ಸುಲಭ. 2.5 ಎಚ್‌ಪಿ ಪೂರ್ತಿ ಓಡಿಸಿದರೆ ಗಂಟೆಗೆ ಸುಮಾರು ಒಂದು ಲೀಟರ್. ಒಳಗಿನ ಟ್ಯಾಂಕ್ ಕೂಡ ಹೆಚ್ಚಾಗಿ ಅಷ್ಟೇ ಇರುತ್ತದೆ. ಇನ್ನೊಂದೆರಡು ಲೀಟರ್ ಕ್ಯಾನಿನಲ್ಲಿ ಇರಲಿ. ಕಷ್ಟ ಇರುವುದು ಪೆಟ್ರೋಲಿನ ಪ್ರಮಾಣದಲ್ಲಲ್ಲ, ಅದರ ಗುಣದಲ್ಲಿ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆಸಿದ ಇ20. ಅನೇಕ ಸಣ್ಣ ಔಟ್‌ಬೋರ್ಡ್‌ಗಳ ಕೈಪಿಡಿಯಲ್ಲಿ ಹಾಕಿರುವ ಮಿತಿ 10%. ಕೊಳ್ಳುವ ಮೊದಲೇ ಇದನ್ನು ಕೇಳಿ. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ಕರಾವಳಿಯ ಹವೆಯಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ತಳದಲ್ಲಿ ನೀರು ಕೂಡುತ್ತದೆ, ಕಾರ್ಬ್ಯುರೇಟರ್ ಕಟ್ಟುತ್ತದೆ. ಎರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಎಂಜಿನ್ ಎತ್ತಿಡುವ ಮೊದಲು ಇಂಧನದ ಕೊಳಾಯಿ ಮುಚ್ಚಿ, ತಾನಾಗಿ ನಿಲ್ಲುವ ತನಕ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿ.

ಉಪ್ಪುನೀರಿನಲ್ಲಿ ಓಡಿದ ಪ್ರತಿ ಸಲ ಸಿಹಿನೀರಿನಿಂದ ಒಳಗೂ ಹೊರಗೂ ತೊಳೆಯಬೇಕು. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ನಿನ ಕಾಲು ಇಳಿಸಿ ಐದು ನಿಮಿಷ ಓಡಿಸಿದರೆ ಸಾಕು. ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿರಬೇಕು. ಅದು ನಿಂತರೆ ಎಂಜಿನ್ ತಕ್ಷಣ ನಿಲ್ಲಿಸಿ. ತಂಪಿಗೆ ನೀರು ಹೋಗುತ್ತಿಲ್ಲ ಅಂತ ಅರ್ಥ. ಗಾಳಿಯಿಂದ ತಂಪಾಗುವ ಸಣ್ಣ ಎಂಜಿನ್‌ಗಳಿಗೆ ಈ ರಗಳೆ ಇಲ್ಲ, ಸದ್ದು ಮಾತ್ರ ಜಾಸ್ತಿ. ನಾಲ್ಕು ಸ್ಟ್ರೋಕ್ ಎಂಜಿನ್ ಕಾರಿನಲ್ಲಿ ಮಲಗಿಸುವಾಗ ಕೈಪಿಡಿಯಲ್ಲಿ ಹೇಳಿದ ಮಗ್ಗುಲಿಗೇ ಮಲಗಿಸಿ. ಬೇರೆ ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ.

ಹಂತ 7: ಬ್ಯಾಟರಿ ಮೋಟಾರ್ ಆಗುತ್ತದಾ?

ಕೆರೆ, ಹಿನ್ನೀರಿಗೆ ಚೆನ್ನಾಗಿ ಆಗುತ್ತದೆ. 12 ವೋಲ್ಟಿನ 55 ಪೌಂಡ್ ಥ್ರಸ್ಟ್ (ತಳ್ಳುವ ಬಲ) ಇರುವ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದ್ದರೆ ಎರಡು ಗಂಟೆಗೆ ತುಸು ಕಡಿಮೆ. ವೇಗ ಇಳಿಸಿದರೆ ಮೊದಲು ಹೇಳಿದ ಎಂಟು ಪಟ್ಟಿನ ಲೆಕ್ಕ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ, ಎಷ್ಟೋ ಹೊತ್ತು ಬರುತ್ತದೆ. ಆ ಬ್ಯಾಟರಿ 12 ಕೆಜಿ ಆಸುಪಾಸು. ಅಷ್ಟೇ ಸಾಮರ್ಥ್ಯದ ಹಳೆ ಬಗೆಯ ಲೆಡ್ ಆಸಿಡ್ ಬ್ಯಾಟರಿ ಅದರ ಎರಡು ಪಟ್ಟಿಗಿಂತ ಭಾರ. ಸಾಲದ್ದಕ್ಕೆ ಅದನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಬೇಗ ಹಾಳಾಗುತ್ತದೆ.

2 ನಾಟ್ ಇಳಿತದ ಎದುರು ಇದನ್ನೊಂದನ್ನೇ ನಂಬಬೇಡಿ. ಇಂಥ ಮೋಟಾರಿನ ಪೂರ್ತಿ ವೇಗ ನಮ್ಮ 15 ಅಡಿ ದೋಣಿಗೆ 3 ನಾಟ್ ಚಿಲ್ಲರೆ. ಎದುರಿಗೆ ಸಾಗುವುದು 1 ನಾಟ್ ಚಿಲ್ಲರೆ, ಅಷ್ಟರಲ್ಲಿ ಬ್ಯಾಟರಿಯ ಕಾಲುಭಾಗವೋ ಮೂರನೇ ಒಂದು ಭಾಗವೋ ಹೋಗಿರುತ್ತದೆ. ಉಪ್ಪುನೀರಿಗೆ ಅಂತಲೇ ಮಾಡಿದ ಮಾದರಿ ತಗೊಳ್ಳಿ, ಕೆರೆಗೆ ಮಾಡಿದ್ದು ಕಡಲಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಹಂತ 8: ಕಾಗದಪತ್ರ, ನೀರಿನ ನಿಯಮ

ಎಂಜಿನ್ ಹಾಕಿದ ಮೇಲೆ ದೋಣಿ ಯಂತ್ರಚಾಲಿತ ಆಗುತ್ತದೆ. 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರದಿಂದ ಓಡುವ ದೋಣಿಗಳಿಗೆ ತಪಾಸಣೆ, ನೋಂದಣಿಯ ವ್ಯವಸ್ಥೆ ಇದೆ. ಕೊಳ್ಳುವ ಮೊದಲೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಹತ್ತಿರದ ಕಚೇರಿಯಲ್ಲಿ ವಿಚಾರಿಸಿ. ಅಣೆಕಟ್ಟಿನ ಹಿನ್ನೀರಾದರೆ ಆ ಜಲಾಶಯ ನೋಡಿಕೊಳ್ಳುವವರ ಅನುಮತಿ ಬೇಕು.

ಅಂತರರಾಷ್ಟ್ರೀಯ ನೌಕಾ ನಿಯಮದ ಒಂದು ಮಾತು ಅನೇಕರಿಗೆ ಗೊತ್ತಿಲ್ಲ. ಹಾಯಿ ಏರಿಸಿದ್ದರೂ ಎಂಜಿನ್ ಓಡುತ್ತಿದ್ದರೆ ನೀವು ಯಂತ್ರದೋಣಿಯೇ. ಆಗ ಬರೀ ಹಾಯಿಯಲ್ಲಿ ಹೋಗುವವರಿಗೆ ನೀವು ದಾರಿ ಬಿಡಬೇಕು. ಕಿರಿದಾದ ಬಂದರು ಕಾಲುವೆಯಲ್ಲಿ ಮಾತ್ರ, ಅದರೊಳಗೇ ಸಾಗಲು ಸಾಧ್ಯವಿರುವ ದೊಡ್ಡ ದೋಣಿಗೆ ಹಾಯಿದೋಣಿ ಅಡ್ಡಿಯಾಗುವಂತಿಲ್ಲ. ಮಲ್ಪೆಯ ಬಾಯಲ್ಲಿ ಟ್ರಾಲ್ ಬೋಟುಗಳು ಸಾಲಾಗಿ ಬರುವಾಗ "ಹಾಯಿಗೆ ಮೊದಲು ದಾರಿ" ಅಂತ ಹಟ ಹಿಡಿಯಬೇಡಿ. ಕತ್ತಲಾದ ಮೇಲೆ ಒಂದು ಪ್ರಖರವಾದ ಟಾರ್ಚ್ ಕೈಗೆ ಸಿಗುವಲ್ಲೇ ಇರಲಿ. ಬೇರೆ ದೋಣಿ ಹತ್ತಿರ ಬಂದಾಗ ಅದರ ಬೆಳಕನ್ನು ನಿಮ್ಮ ಹಾಯಿಯ ಮೇಲೆ ಬಿಡಿ, ದೂರದಿಂದಲೇ ಕಾಣುತ್ತದೆ.

ಹಂತ 9: ಎಂಜಿನ್ ಇದ್ದರೂ ಹುಟ್ಟು ಬಿಡಬೇಡಿ

ಎಲ್ಲ ಲೆಕ್ಕ ಹಾಕಿ ಎಂಜಿನ್ ಕೊಂಡರೂ ಒಂದು ಜೊತೆ ಹುಟ್ಟು ದೋಣಿಯಲ್ಲೇ ಇರಲಿ ಅಂತ ಒತ್ತಿ ಹೇಳುತ್ತೇನೆ. ಪ್ರೊಪೆಲ್ಲರಿಗೆ ಬಲೆಯ ತುಂಡು ಸುತ್ತಿಕೊಳ್ಳುವುದು ನಮ್ಮ ನೀರಿನಲ್ಲಿ ಸಾಮಾನ್ಯ. ಮರಳಿಗೆ ತಾಗಿದರೆ ಪ್ರೊಪೆಲ್ಲರಿನ ಷಿಯರ್ ಪಿನ್ ಮುರಿಯುತ್ತದೆ. ಗೇರು ಉಳಿಸಲಿಕ್ಕೆಂದೇ ಅದನ್ನು ಮುರಿಯುವಂತೆ ಮಾಡಿರುತ್ತಾರೆ. ಮುರಿದ ಮೇಲೆ ಎಂಜಿನ್ ತಿರುಗುತ್ತದೆ, ದೋಣಿ ಓಡುವುದಿಲ್ಲ. ಎರಡು ಪಿನ್, ಒಂದು ಸ್ಪಾರ್ಕ್ ಪ್ಲಗ್, ಅದರ ಸ್ಪ್ಯಾನರ್, ಇಕ್ಕಳ, ಬಲೆ ಕತ್ತರಿಸಲು ಚೂರಿ ಒಂದು ನೀರು ಹೋಗದ ಡಬ್ಬಿಯಲ್ಲಿ ಕಟ್ಟಿಡಿ.

ಅಭ್ಯಾಸಕ್ಕೆ ಒಂದು ಕೆಲಸ ಮಾಡಿ. ಮೆಲ್ಲಗೆ ಹರಿಯುವ ನೀರಿನಲ್ಲಿ ಎಂಜಿನ್ ಬೇಕಂತಲೇ ನಿಲ್ಲಿಸಿ. ಹುಟ್ಟು ಬಿಚ್ಚಿ, ರೋಲಾಕ್ ಹಾಕಿ, ಮೊದಲ ಎಳೆತ ಎಳೆಯಲು ಎಷ್ಟು ಹೊತ್ತಾಗುತ್ತದೆ ನೋಡಿ. ಒಂದು ನಿಮಿಷದೊಳಗೆ ಆಗಬೇಕು. 2 ನಾಟ್ ಹರಿವಿನಲ್ಲಿ ಒಂದು ನಿಮಿಷಕ್ಕೆ ದೋಣಿ 60 ಮೀಟರ್ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಇದೇ ರೀತಿ ಲಂಗರನ್ನೂ ಬಿಟ್ಟು ನೋಡಿ. ಹಗ್ಗ ಸಿಕ್ಕು ಬೀಳದೆ ಸರಾಗ ಇಳಿಯಬೇಕು, ಒಳತುದಿ ದೋಣಿಗೆ ಕಟ್ಟಿರಬೇಕು. ರೋಲಾಕ್‌ಗಳನ್ನೂ ಸಣ್ಣ ದಾರದಿಂದ ದೋಣಿಗೇ ಕಟ್ಟಿ. ಆತುರದಲ್ಲಿ ಕೈಜಾರಿ ನೀರಿಗೆ ಬೀಳುವುದು ಮೊದಲು ಅದೇ.